ಹದಿನೇಳನೇ ಪ್ರಶ್ನೆಯ ಕುರ್ಚಿ

ಇಂದ:
ಪರಿಶೀಲಕ, ಖರೀದಿ ವಿಭಾಗ
(ಬೆನ್ನ ಹಿಂದೆ ಎಲ್ಲರೂ ಕರೆಯುವುದು: 'ಪುರಾವೆ')

ಗೆ:
ಮಾನ್ಯ ಮಾಲೀಕರು, ಪೀಠೋಪಕರಣ ಕಾರ್ಖಾನೆ, ಮೊದಲ ಮಹಡಿ, ಕಿಟಕಿ ಇರುವ ಒಂದೇ ಕೋಣೆ

ವಿಷಯ: ತೇಗದ ಕುರ್ಚಿಯೊಂದನ್ನು ಬಿಡುಗಡೆ ಮಾಡುವ ಕುರಿತು.

ಉಲ್ಲೇಖ: 1. "ಎಲ್ಲಿಂದ ಬಂತೆಂದು ಗೊತ್ತಿಲ್ಲದ ಮರ ಗೇಟಿನೊಳಗೆ ಬರಬಾರದು" ಎಂಬ ತಮ್ಮ ಸುತ್ತೋಲೆ.
2. ಅರ್ಜಿದಾರನ ಹೆಂಡತಿಯ ಮೌನ. ಕಳೆದ ಮಂಗಳವಾರದಿಂದ ಜಾರಿಯಲ್ಲಿದೆ.

ಮಾನ್ಯರೇ,

1. ಕಾಡು ಬೋಳಿಸಿ ತಂದ ಮರ ಬೇಡ, ಪೂರೈಕೆದಾರರ ಜೊತೆ ಕೂತು ಮಾತಾಡಿ ಎಂದು ತಾವು ಸುತ್ತೋಲೆ ಹೊರಡಿಸಿದಿರಿ. ಕೂತು ಮಾತಾಡಲು ಸಮಯ ಹಿಡಿಯುತ್ತದೆ. ಆದಕಾರಣ ಅರ್ಜಿದಾರನು ಫಾರಂ ಮಾಡಿದನು. ತಾವು ಒಪ್ಪಿದ್ದು ಹದಿನಾರು ಪ್ರಶ್ನೆ. ಹದಿನೇಳನೆಯದಾದ "ಮರ ನೆಟ್ಟವರು ಯಾರು? ಪುರಾವೆ ಲಗತ್ತಿಸಿ" ಎಂಬುದು ಅರ್ಜಿದಾರನ ಸ್ವಂತ ತಲೆಯಿಂದ ಬಂದದ್ದು. ಅಂದು ಅವನು ತನ್ನ ಬೆನ್ನು ತಾನೇ ತಟ್ಟಿಕೊಂಡನು.

2. ಪೂರೈಕೆದಾರರಲ್ಲಿ ಒಬ್ಬರು ಅರ್ಜಿದಾರನ ಮಾವ, ಅಂದರೆ ಹೆಂಡತಿಯ ತಂದೆ. ಇಪ್ಪತ್ತು ವರ್ಷದಿಂದ ಗಾಳಿಗೆ ಬಿದ್ದ ಮರಗಳನ್ನಷ್ಟೇ ಕೊಯ್ಯಿಸಿ ಕಳಿಸುವವರು. ನಿಂತ ಮರಕ್ಕೆ ಗರಗಸ ಇಟ್ಟವರಲ್ಲ. ತಮ್ಮ ಸುತ್ತೋಲೆ ಹುಟ್ಟುವ ಮೊದಲೇ ಅದನ್ನು ಪಾಲಿಸುತ್ತಿದ್ದ ಮನುಷ್ಯ. ಆದರೆ ಸಂಬಂಧಿಕರಿಗೆ ಸಡಿಲ ಬಿಟ್ಟನೆಂಬ ಮಾತು ಬರಬಾರದಲ್ಲ? ಆದ್ದರಿಂದ ಅರ್ಜಿದಾರನು ಲಾರಿಗೆ ಅಡ್ಡ ನಿಂತು ಫಾರಂ ಚಾಚಿದನು.

"ಈ ಬೇವು ಯಾರು ನೆಟ್ಟಿದ್ದು, ಮಾವ?"

"ಯಾವ್ದೋ ಹಕ್ಕಿ ಬೀಜ ಹಾಕಿದ್ದು, ಅಳಿಯಂದ್ರೇ."

"ಪುರಾವೆ?"

"ಹಕ್ಕಿ ಸಹಿ ಹಾಕಲ್ವಲ್ಲ."

ಲಾರಿ ವಾಪಸಾಯಿತು. ಎರಡನೇ ಲಾರಿಯೂ ವಾಪಸಾಯಿತು. ಮೂರನೇ ಸಲವೂ ಹೀಗಾದರೆ ಪಟ್ಟಿಯಿಂದ ಹೆಸರು ತೆಗೆಯುವುದಾಗಿ ಮಾವನಿಗೆ ನೋಟಿಸು ಹೋಯಿತು. ನೋಟಿಸಿನ ಕೆಳಗೆ ಅಳಿಯನ ಸಹಿ ಇತ್ತು.

3. ಮೂರನೇ ಲಾರಿಯಲ್ಲಿ ತೇಗ ಬಂತು. ಫಾರಂ ಪೂರ್ತಿ ತುಂಬಿತ್ತು. ನೆಟ್ಟವರು: "ನನ್ನ ಮಗಳು." ಪುರಾವೆ: ಒಂದು ಹಳೇ ಫೋಟೋ. ಮುಂದಿನ ಎರಡು ಹಲ್ಲಿಲ್ಲದ ಆರು ವರ್ಷದ ಹುಡುಗಿ, ಕೈಯಲ್ಲಿ ಗಿಡ, ಮೊಣಕಾಲವರೆಗೆ ಕೆಸರು. ಅರ್ಜಿದಾರನು ನೂರಕ್ಕೆ ನೂರು ಅಂಕ ಕೊಟ್ಟು, ಹುಡುಗಿಯ ಮುಖದ ಮೇಲೆ "ಪರಿಶೀಲಿಸಲಾಗಿದೆ" ಎಂದು ಮೊಹರು ಒತ್ತಿದನು. ತಾವೂ ಹಿಗ್ಗಿ, ಆ ಮರದ ಮೊದಲ ಕುರ್ಚಿಯನ್ನು ಕೋಣೆಗೆ ತರಿಸಿಕೊಂಡಿರಿ. ಬಂದವರಿಗೆಲ್ಲ "ಇದರ ಹುಟ್ಟು ನಮಗೆ ಗೊತ್ತು" ಎಂದು ಹೇಳುತ್ತಿದ್ದೀರಿ.

4. ಕಳೆದ ಮಂಗಳವಾರ ಅರ್ಜಿದಾರನು ಆ ಫೋಟೋವನ್ನು ಹೆಮ್ಮೆಯಿಂದ ತೋರಿಸಲೆಂದು ಮನೆಗೆ ಒಯ್ದನು. ಇಸ್ತ್ರಿ ಮಾಡುತ್ತಿದ್ದ ಹೆಂಡತಿ ನೋಡಿದಳು. ಇಸ್ತ್ರಿಪೆಟ್ಟಿಗೆಯನ್ನು ಪಕ್ಕಕ್ಕಿಟ್ಟಳು.

"ಇದ್ಯಾರು ಗೊತ್ತೇನ್ರೀ?"

"ನೆಟ್ಟವರು."

"ನಾನ್ರೀ ಅದು. ಹದಿನಾಲ್ಕು ವರ್ಷದಿಂದ ಅಪ್ಪನ ಮನೇಲಿ ನಿಮ್ಮ ಸ್ಕೂಟರ್ ಯಾವ ಮರದ ನೆರಳಲ್ಲಿ ನಿಲ್ತಿತ್ತು?"

ಅಷ್ಟೇ ಅಂದದ್ದು. ಮಾವ ಅವಳಿಗೆ ಏನೂ ಹೇಳಿರಲಿಲ್ಲ. ಮಾವನಿಗೆ ಇರುವುದು ಒಬ್ಬಳೇ ಮಗಳೆಂಬ ಸಂಗತಿ ಅರ್ಜಿದಾರನಿಗೆ ಮದುವೆಗೆ ಮುಂಚಿನಿಂದ ಗೊತ್ತಿದ್ದುದೇ. ಕಚೇರಿ ವೇಳೆಯಲ್ಲಿ ಹೊಳೆಯಲಿಲ್ಲ.

5. ಭಾನುವಾರ ಇಬ್ಬರೂ ಹೋದರು. ಅಂಗಳದಲ್ಲಿ ತೇಗದ ಮೋಟು ಮಾತ್ರ ಉಳಿದಿತ್ತು. ಮಾವ ಅದರ ಮೇಲೆ ಕೂತಿದ್ದರು.

"ಯಾಕೆ ಕಡಿಸಿದ್ರಿ, ಮಾವ?"

"ನಿಮ್ಮ ಪ್ರಶ್ನೆಗೆ ಉತ್ತರ ಇದ್ದ ಮರ ಅದೊಂದೇ. ಒಂದ್ಸಲ ನೀವೇ ಬಂದಿದ್ರೆ ಬಿದ್ದ ಮರ ಎಲ್ಲಾ ಜೊತೆಗೆ ಓಡಾಡಿ ತೋರಿಸ್ತಿದ್ದೆ."

ಅರ್ಜಿದಾರನಿಗೆ ನಾಚಿಕೆಯಾಯಿತು. ಅದಕ್ಕೆ ಕಚೇರಿ ಭಾಷೆಯಲ್ಲಿ ಪದ ಹುಡುಕಿದನು, ಸಿಗಲಿಲ್ಲ. ನಿಂತ ಮರ ಮುಟ್ಟದವರ ಕೈಯಿಂದ, ಮರ ಉಳಿಸುವ ಫಾರಂ ಒಂದು ಮರ ಕಡಿಸಿತ್ತು. ವಾಪಸು ಬರುವಾಗ ಹೆಂಡತಿ ಮೌನ ಮುರಿದು ಒಂದು ಮಾತು ಹೇಳಿದಳು: "ಆ ಕುರ್ಚಿ ತನ್ನಿ. ಅಪ್ಪ ಇನ್ಮೇಲೆ ಅದ್ರ ಮೇಲೆ ಕೂತ್ಕೊಳ್ಳಲಿ. ಆಮೇಲೆ ನಿಮ್ಮ ಹತ್ರ ಮಾತಾಡ್ತೀನಿ."

ಆದ್ದರಿಂದ, ಹಾಗೂ ಮೇಲ್ಕಂಡ ಕಾರಣಗಳಿಂದ, ಮತ್ತು ಮನೆಯಲ್ಲಿ ಈಗ ಗಡಿಯಾರದ ಸದ್ದೂ ಜೋರಾಗಿ ಕೇಳುತ್ತಿರುವ ಕಾರಣ, ಹದಿನೇಳನೇ ಪ್ರಶ್ನೆಯನ್ನು ಹೊಡೆದುಹಾಕಿ, ಪೂರೈಕೆದಾರರ ಅಂಗಳಕ್ಕೇ ಹೋಗಿ ಕೂತು ಮಾತಾಡಲು ಅರ್ಜಿದಾರನಿಗೆ ಅಪ್ಪಣೆ ಕೊಡಬೇಕು. ಹಕ್ಕಿ ನೆಟ್ಟ ಮರಗಳ ಮಟ್ಟಿಗೆ ಮಾವನ ಮಾತೇ ಪುರಾವೆಯೆಂದು ಒಪ್ಪಬೇಕು. ಸದರಿ ಕುರ್ಚಿಯನ್ನು ಇಂದೇ ಬಿಟ್ಟುಕೊಡಬೇಕು.

ಇಷ್ಟಾದರೂ ತಮ್ಮ ವಿಶ್ವಾಸಿಯೇ ಆಗಿರುವ,
ಪರಿಶೀಲಕ

ಲಗತ್ತುಗಳು:
1. ಫೋಟೋ. ಮೊಹರನ್ನು ರಬ್ಬರಿನಿಂದ ಉಜ್ಜಲಾಗಿದೆ, ಪೂರ್ತಿ ಹೋಗಿಲ್ಲ.
2. ಮಾವನಿಗೆ ಕಳಿಸಿದ ನೋಟಿಸಿನ ಪ್ರತಿ. ಓದಿ ಹರಿದುಹಾಕಬಹುದು.
3. ಬದಲಿ ಕುರ್ಚಿ ಒಂದು. ಅರ್ಜಿದಾರನದೇ, ಕಬ್ಬಿಣದ್ದು, ಒಂದು ಕಾಲು ಕುಂಟು. ಎಲ್ಲಿಂದ ಬಂತೆಂದು ಯಾರಿಗೂ ಗೊತ್ತಿಲ್ಲ.

ವಿಶೇಷ ಸೂಚನೆ: ಈ ಅರ್ಜಿ ಓದುವಾಗ ತಾವು ಸದರಿ ಕುರ್ಚಿಯ ಮೇಲೆಯೇ ಕುಳಿತಿರುವ ಸಂಭವವಿದೆ. ಕೃಪೆಮಾಡಿ ಎದ್ದು ನಿಲ್ಲಬೇಕು. ಗೇಟಿನ ಹೊರಗೆ ಟೆಂಪೋ ಕಾಯುತ್ತಿದೆ. ಡ್ರೈವರ್ ಪಕ್ಕದ ಸೀಟಿನಲ್ಲಿ ನೆಟ್ಟವರು ಕೂತಿದ್ದಾರೆ.