ಏಳನೇ ಹೆಜ್ಜೆಯವನು

ಕೈಯಲ್ಲಿ ಹರಿತವಾದದ್ದನ್ನು ಹಿಡಿದು ನಮ್ಮ ಕಾಕಾನ ಪಕ್ಕ ನಿಂತವರು ಇಡೀ ಅಫಜಲಪುರದಲ್ಲಿ ಒಬ್ಬರಿದ್ದರೆ ತೋರಿಸಿ! ಕುಡುಗೋಲಿನ ಆಳಾದರೂ ಅಷ್ಟೇ, ಉಗುರು ತೆಗೆಯಲು ಬ್ಲೇಡು ಹಿಡಿದ ನಾನಾದರೂ ಅಷ್ಟೇ, ಏಳು ಹೆಜ್ಜೆ ದೂರ ನಿಲ್ಲಬೇಕು.

ಹರೆಯದಲ್ಲಿ ಕಾಳುಕಡಿ ದಲ್ಲಾಳಿಯ ಅಡತಿ ಅಂಗಡಿಯ ಕಾವಲಿಗಿದ್ದಾಗ ಹಾಡಹಗಲೇ ಒಬ್ಬ ನಗುತ್ತ ಬಂದು ಕಾಕಾನಿಗೆ ಚೂರಿ ಹಾಕಿದ್ದ. ಏಳು ಹೆಜ್ಜೆ ದೂರದಲ್ಲೇ ಅವನನ್ನು ಕಂಡರೂ ಬಡಿಗೆ ಎತ್ತುವುದರೊಳಗೆ ಚೂರಿ ಭುಜದಲ್ಲಿತ್ತು. ಆ ಮನುಷ್ಯ ಸಿಗಲೇ ಇಲ್ಲ.

"ಕಣ್ಣಿಗೆ ಕಂಡಿದ್ದು ಕೈಗೆ ಮುಟ್ಟೋದ್ರಾಗ ಅಂವ ಬಂದಬಿಟ್ಟಿರ್ತಾನ" ಎನ್ನುತ್ತಿದ್ದ ಕಾಕಾ.

ನಾನು ನಂಬಲಿಲ್ಲ. ಪೇಪರು ಸುರುಳಿ ಸುತ್ತಿ, ಏಳು ಹೆಜ್ಜೆಯಿಂದ ಓಡಿಹೋಗಿ ಹೊಟ್ಟೆಗೆ ತಿವಿದೆ. ಅವನ ಬಡಿಗೆ ಇನ್ನೂ ಮೊಣಕಾಲಿನ ಹತ್ತಿರವೇ ಇತ್ತು. "ಸತ್ತೆ! ನೋಡಿದೇನ, ಸತ್ತೆ!" ಎಂದು ಕುಣಿದ. ತಾನು ಸತ್ತ ಸುದ್ದಿಯನ್ನು ಓಣಿಗೆಲ್ಲ ಖುಷಿಯಿಂದ ಸಾರಿ ಬಂದವನು ಅವನೊಬ್ಬನೇ ಇರಬೇಕು!

ಕಾಕಿ ಈಳಿಗೆಮಣೆ ಹಾಕಿದರೆ ಗಂಡ ಅಂಗಳಕ್ಕೆ. ಹೀಗಾಗಿ ಸಂಸಾರದ ಗುಟ್ಟೆಲ್ಲ ಕೂಗಿಯೇ ಆಗಬೇಕು. "ಹೊಟ್ಟಿ ಸರಿ ಆತೇನ್ರಿ?" ಎಂದು ಅವಳು ಕೇಳಿದರೆ ಪಕ್ಕದ ಮನೆಯವರು "ಆತಂತ್ರಿ!" ಎನ್ನುತ್ತಿದ್ದರು.

ಒಂದು ಮಧ್ಯಾಹ್ನ ಬಿಸಿಲಿಗೆ ಓಣಿ ಖಾಲಿಯಾಗಿತ್ತು. ಕಟ್ಟೆಯ ಮೇಲಿದ್ದ ಕಾಕಾ ಬರಿನೆಲ ನೋಡುತ್ತ, "ಬಂದು ನಿಂತಾನ" ಎಂದ.

"ಯಾರು?"

"ಅಂವನ. ದಿನಾ ಬರ್ತಾನ. ನಾ ನೋಡಕೋತ ಇರೂತನಕ ಏಳನೇ ಹೆಜ್ಜಿ ದಾಟಂಗಿಲ್ಲ."

ಅಲ್ಲಿ ಯಾರೂ ಇರಲಿಲ್ಲ. ಆದರೆ ಅತ್ತ ಬರುತ್ತಿದ್ದ ನಾಯಿಯೊಂದು ಆ ಜಾಗವನ್ನು ಬಳಸಿಕೊಂಡು ಹೋಯಿತು.

ಇಂಥವನ ಕುತ್ತಿಗೆಗೆ ಗಡ್ಡೆ ಎದ್ದಿತು. ಕೊಯ್ದು ತೆಗೆಯದಿದ್ದರೆ ಜೀವ ಉಳಿಯುವುದಿಲ್ಲ ಎಂದರು ಗುಲಬರ್ಗಾದ ಡಾಕ್ಟರು. ಅವರು ಏಳು ಹೆಜ್ಜೆ ದೂರ ನಿಂತು ಕೊಯ್ಯುವುದು ಹೇಗೆ? ನಾವು ನಕ್ಕೆವು. ಕಾಕಾ ನಗಲಿಲ್ಲ.

"ಡಾಕ್ಟರದೇನು ಅಂಜಿಕಿ ಇಲ್ಲ. ನನ್ನ ಕಣ್ಣು ಮುಚ್ಚಿಸ್ತಾರ. ಆಗ ಅಂವನ್ನ ಯಾರು ನೋಡ್ತಿರಬೇಕು?"

ಜೀವಮಾನವಿಡೀ 'ಹುಚ್ಚ' ಎಂದು ಅವನನ್ನು ಬೈದಿದ್ದ ಕಾಕಿ ಎದ್ದಳು. "ನೀವು ಮಲಕೋರಿ. ನಾ ನೋಡಕೋತ ನಿಂದಿರ್ತೇನಿ."

ಆಪರೇಷನ್ನಿನ ದಿನ ಆಸ್ಪತ್ರೆಯಲ್ಲಿ ಕಾಕಾನನ್ನು ಒಳಗೆ ಒಯ್ದರು. ಕಾಕಿ ಸೆರಗು ಸೊಂಟಕ್ಕೆ ಸಿಕ್ಕಿಸಿ, ಮುಚ್ಚಿದ ಬಾಗಿಲಿಗೆ ಬೆನ್ನು ಕೊಟ್ಟು, ಏಳು ಹೆಜ್ಜೆ ಆಚೆಯ ನೆಲವನ್ನು ದಿಟ್ಟಿಸಿದಳು. ಎರಡು ತಾಸು ಹಾಗೇ ನಿಂತಳು.

"ಕೂಡಬೇ ಕಾಕಿ" ಎಂದೆ.

"ಮಾತಾಡಿಸಬ್ಯಾಡ. ಮುಂದ ಬರ್ತಾನ."

ಅವಳ ಕಣ್ಣಲ್ಲಿ ನೀರು ಸುರಿಯುತ್ತಿತ್ತು. ನನಗೂ ಅಳು ತಡೆಯಲಾಗಲಿಲ್ಲ. ಪಕ್ಕಕ್ಕೆ ಹೋಗಿ ನಿಂತು ಅದೇ ನೆಲವನ್ನು ನೋಡುತ್ತ ಹೇಳಿದೆ:

"ನೀ ಒಂದೀಟು ಕಣ್ಣ ಒರಸಿಕೋಬೇ. ಅಲ್ಲೀತನಕ ನಾ ನೋಡ್ತಿರ್ತೇನಿ."