ಆರನೇ ಬಿರಡೆ

ವರ್ಲಿನ್ ಟ್ವೇಟ್‌ನ ಡಬ್ಬಿಯಲ್ಲಿ ದೋಣಿಯ ಇಂಜಿನ್ನಿನಿಂದ ನೀರಿಳಿಸಲು ಬಿಚ್ಚಿದ ಐದು ಬಿರಡೆಗಳಿದ್ದವು. ಇಂಜಿನ್ನಿನ ಜೊತೆ ಬಂದ ಪುಸ್ತಕ ಆರು ಅನ್ನುತ್ತಿತ್ತು. ಅಷ್ಟಕ್ಕೇ ಅವನ ಶನಿವಾರ ಹಾಳಾಯಿತು.

ಬೇಸಿಗೆಯಿಡೀ ಮಿನೆಸೋಟದ ಸರೋವರದಲ್ಲಿ ಮೆರೆದ ದೋಣಿ ಈಗ ಮನೆಯಂಗಳದಲ್ಲಿ ಗಾಡಿ ಏರಿ ಕೂತಿತ್ತು. ಅದರ ಹೊಟ್ಟೆಯೊಳಗಿನ ಇಂಜಿನ್ನು ತನ್ನ ಕಾವು ಆರಿಸಿಕೊಳ್ಳಲು ಸರೋವರದ ನೀರನ್ನೇ ಕುಡಿಯುವ ಜಾತಿಯದು. ಒಂದು ಲೋಟ ಒಳಗುಳಿದರೂ ಚಳಿಗೆ ಹೆಪ್ಪುಗಟ್ಟಿ, ಉಬ್ಬಿ, ಕಬ್ಬಿಣವನ್ನೇ ಸೀಳಿಬಿಡುತ್ತದೆ. ಹೋದ ವರ್ಷ ಸೀಳಿತ್ತು. ಆಗ ಹೆಂಡತಿ ಆರ್ಡಿಸ್ ಕಿರುಚಲಿಲ್ಲ, ಅದೇ ಅವನಿಗೆ ಭಯ.

"ಇನ್ನೊಂದ್ಸಲ ಈ ದೋಣಿಯಿಂದ ಏನಾದ್ರೂ ಒಡೀತೋ, ಮಾರಿಬಿಡ್ತೀನಿ," ಎಂದು ಮೆಲ್ಲಗೆ ಹೇಳಿದ್ದಳು. 'ಮಾರಾಟಕ್ಕಿದೆ' ಎಂಬ ಹಲಗೆ ಬರೆದೂ ಆಗಿತ್ತು. ಅದು ನೆಲಮಾಳಿಗೆಯಲ್ಲಿ ಉಪ್ಪಿನಕಾಯಿ ಸೀಸೆಗಳ ಪಕ್ಕ ಕಾಯುತ್ತಿತ್ತು. ಈ ರಾತ್ರಿಯೇ ಸರೋವರದ ಅಂಚು ಹೆಪ್ಪುಗಟ್ಟುತ್ತದೆಂದು ರೇಡಿಯೊ ಬೇರೆ ಹೇಳಿತ್ತು.

ವರ್ಲಿನ್ ಗ್ರೀಸು ಮೆತ್ತಿದ ಪುಸ್ತಕವನ್ನು ಹತ್ತನೇ ಸಲ ನೋಡಿದ. 'ನೀರು ಇಳಿಸಬೇಕಾದ ಜಾಗಗಳು ಆರು.' ಚಿತ್ರದಲ್ಲಿ ಮಾತ್ರ ಬಾಣಗಳು ಐದೇ.

ಎಡಮನೆಯ ಓರಿನ್ ಕಾಫಿ ಲೋಟದೊಂದಿಗೆ ಬಂದ. "ಕೆಳಗಿರತ್ತೆ ಕಣಯ್ಯ. ಬಗ್ಗಿ ನೋಡು."

ಬಲಮನೆಯ ಮರ್ಲ್ ಕಾಫಿಯಿಲ್ಲದೆಯೇ ಬಂದ. "ಮೇಲಿರತ್ತೆ. ಅವನ ಮಾತು ಕೇಳಿದ್ರೆ ಕೆಟ್ಟೆ."

ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅನ್ನುವ ಹಾಗೆ, ಈ ಇಬ್ಬರದು ಮೂವತ್ತು ವರ್ಷದ ಸ್ನೇಹ.

"ಪೂರ್ತಿ ಒಣಗಿಸು," ಎಂದ ಓರಿನ್. "ಗಾಳಿ ಎಲ್ಲಾದ್ರೂ ಹೆಪ್ಪುಗಟ್ಟಿದ್ದುಂಟಾ?"

"ಒಣಗಿದ್ರೆ ತುಕ್ಕು! ಹೆಪ್ಪುಗಟ್ಟದ ಗುಲಾಬಿ ದ್ರಾವಣ ಕುಡಿಸು. ಆರನೇ ಜಾಗ ಎಲ್ಲಿದ್ರೂ ಅದೇ ಹುಡುಕ್ಕೊಂಡು ಹೋಗತ್ತೆ," ಎಂದ ಮರ್ಲ್.

ಒಬ್ಬ ಬಿರಡೆ ಹಾಕಿದರೆ ಇನ್ನೊಬ್ಬ ಬಿಚ್ಚಿದ. ಡಬ್ಬಿಯಲ್ಲಿ ಒಮ್ಮೆ ಮೂರಿದ್ದವು, ಒಮ್ಮೆ ನಾಲ್ಕು. ಒಮ್ಮೆ ಸರಿಯಾಗಿ ಆರು ಸಿಕ್ಕಿ ವರ್ಲಿನ್ ಕುಣಿದೇಬಿಟ್ಟ. ಆರನೆಯದು ಮರ್ಲ್‌ನ ಜೇಬಿನಿಂದ ಬಿದ್ದ ಕೆಮ್ಮಿನ ಗುಳಿಗೆಯಾಗಿತ್ತು.

ಕೊನೆಗೆ ಮರ್ಲ್ ಗೆದ್ದ. ಬಿರಡೆಗಳನ್ನೆಲ್ಲ ಬಿಗಿದು, ಮನೆಗೋಡೆಯ ನಲ್ಲಿಗೆ ಪೈಪು ಸಿಕ್ಕಿಸಿ, ಇಂಜಿನ್ನಿಗೆ ನೀರು ಕೊಟ್ಟು ಬಿಸಿಯಾಗುವ ತನಕ ಓಡಿಸಿದರು. ಆಮೇಲೆ ನಲ್ಲಿ ನಿಲ್ಲಿಸಿ ದ್ರಾವಣ ಸುರಿದರು. ದೋಣಿಯ ಹಿಂದಿನಿಂದ ಗುಲಾಬಿ ಬಣ್ಣ ಚಿಮ್ಮಿದಾಗ ಮೂವರೂ ಚಪ್ಪಾಳೆ ತಟ್ಟಿದರು. ಇನ್ನು ತುಕ್ಕು ಹಿಡಿಯದಂತೆ ಇಂಜಿನ್ನಿನ ಬಾಯಿಗೆ ಎಣ್ಣೆ ಸಿಂಪಡಿಸುವುದೊಂದು ಬಾಕಿ.

"ಚೂರೇ ಚೂರು," ಎಂದ ಓರಿನ್.

"ಡಬ್ಬಿ ಪೂರ್ತಿ," ಎಂದ ಮರ್ಲ್.

ತಲೆ ಕೆಟ್ಟ ವರ್ಲಿನ್ ಕಣ್ಣುಮುಚ್ಚಿ ಎಣ್ಣೆ ಡಬ್ಬಿಯ ಗುಂಡಿ ಒತ್ತಿ ಹಿಡಿದ. ಇಂಜಿನ್ನು ಕೆಮ್ಮಿತು. ಬಿಳಿ ಹೊಗೆ ಎದ್ದು ದೋಣಿ, ಅಂಗಳ, ಮನೆ ಎಲ್ಲವನ್ನೂ ನುಂಗಿತು. ಎದುರುಮನೆಯ ಲವಾನ್ ಅಗ್ನಿಶಾಮಕ ದಳಕ್ಕೆ ಫೋನ್ ಮಾಡಿದಳು.

ಆ ಊರಿನ ದಳವೆಂದರೆ ಸಂಬಳವಿಲ್ಲದ ಸ್ವಯಂಸೇವಕರು, ಈ ಇಬ್ಬರೂ ಸೇರಿ. ಓರಿನ್, ಮರ್ಲ್ ಇಬ್ಬರ ಸೊಂಟದ ಪೇಜರುಗಳೂ ಒಟ್ಟಿಗೆ ಕೀಚ್ ಅಂದವು.

"ಬೆಂಕಿಯಂತೆ! ಟ್ವೇಟ್ ಮನೇಲಿ!"

"ಅಯ್ಯೋ, ಇದೇ ಟ್ವೇಟ್ ಮನೆ ಕಣ್ರೋ! ಇಲ್ಲೇ ನಿಂತಿದೀರಲ್ಲ!" ಎಂದ ವರ್ಲಿನ್.

"ನಿಯಮ ಅಂದ್ರೆ ನಿಯಮ," ಎನ್ನುತ್ತ ಇಬ್ಬರೂ ದಳದ ಠಾಣೆಗೆ ಓಡಿದರು. ಹತ್ತು ನಿಮಿಷದಲ್ಲಿ ಹೆಲ್ಮೆಟ್ಟು ತೊಟ್ಟು, ಸೈರನ್ ಕೂಗಿಸುತ್ತ ವಾಪಸು ಬಂದರು. ಅಷ್ಟರಲ್ಲಿ ಹೊಗೆ ಚದುರಿತ್ತು.

"ಈ ಮನೆ ಯಜಮಾನರು ಯಾರು?" ಎಂದ ಓರಿನ್, ಕಾಗದ ತೆಗೆದು.

ಸಹಿ, ಬುದ್ಧಿವಾದ, ಊರವರ ನಗೆ ಮುಗಿಯುವಷ್ಟರಲ್ಲಿ ಸಂಜೆಯಾಯಿತು. ವರ್ಲಿನ್ ದೋಣಿಗೆ ಟಾರ್ಪಾಲು ಹೊದಿಸಿ, ಆರನೆಯದನ್ನು ದೇವರಿಗೆ ಬಿಟ್ಟು ಮಲಗಿದ.

ಬೆಳಿಗ್ಗೆ ಹುಲ್ಲೆಲ್ಲ ಬಿಳಿಯಾಗಿತ್ತು. ಅವನು ಉಸಿರು ಬಿಗಿಹಿಡಿದು ಇಂಜಿನ್ನಿನ ಮೈಯೆಲ್ಲ ಸವರಿದ. ಎಲ್ಲೂ ಕೂದಲೆಳೆಯಷ್ಟೂ ಬಿರುಕಿಲ್ಲ! ಇಂಜಿನ್ನಿನ ಬೆನ್ನು ತಟ್ಟಿದ. ಅಂಗಳದ ಗುಲಾಬಿ ಕಲೆ ತೊಳೆಯೋಣವೆಂದು ನಲ್ಲಿ ತಿರುಗಿಸಿದ. ಪೈಪಿನಿಂದ ಹನಿ ನೀರಿಲ್ಲ. ಪೂರ್ತಿ ತಿರುಗಿಸಿದ. ಆಗಲೂ ಇಲ್ಲ.

ನೀರು ಬರಲೆಂದು ಕಾಯುತ್ತ ಪುಸ್ತಕ ಕೈಗೆತ್ತಿಕೊಂಡ. ಗ್ರೀಸಿಗೆ ಅಂಟಿಕೊಂಡಿದ್ದ ಎರಡು ಹಾಳೆಗಳು ಚಳಿಗೆ ಸೆಟೆದು ಪಟ್ಟನೆ ಬಿಟ್ಟುಕೊಂಡವು. ನಡುವೆ ಒಂದೇ ಸಾಲು ಇತ್ತು.

'ಆರು: ಮನೆಯ ನಲ್ಲಿಯಿಂದ ಪೈಪು ಬಿಚ್ಚಿ ನೀರು ಇಳಿಸಿ. ಮರೆತರೆ ಗೋಡೆಯೊಳಗಿನ ಕೊಳವೆ ಒಡೆಯುತ್ತದೆ.'

ಆಲೂಗಡ್ಡೆ ತರಲು ನೆಲಮಾಳಿಗೆಗೆ ಇಳಿದಿದ್ದ ಆರ್ಡಿಸ್ ಈ ಸಲವೂ ಕಿರುಚಲಿಲ್ಲ. ಮಂಡಿವರೆಗೆ ಒದ್ದೆಯಾಗಿ, ನೀರು ತೊಟ್ಟಿಕ್ಕುವ 'ಮಾರಾಟಕ್ಕಿದೆ' ಹಲಗೆ ಹಿಡಿದು ಮೇಲೆ ಬಂದಳು.

"ಹುಡುಕೋ ಕಷ್ಟನೂ ಇರ್ಲಿಲ್ಲ," ಅಂದಳು. "ತಾನೇ ತೇಲ್ಕೊಂಡು ಬಂತು."