ತೊಂಬತ್ತೇಳು ಜನರ ಕಣ್ಣು

ನನಗೆ ಚಿನ್ನದ ಮೇಲೆ ಆಸೆಯಿಲ್ಲ. ಸೀರೆಯ ಮೇಲೂ ಇಲ್ಲ ಎಂದು ಬರೆಯಬಹುದಿತ್ತು, ಇದನ್ನು ನಮ್ಮ ಯಜಮಾನರು ಓದುವುದಿಲ್ಲವೆಂಬ ಖಾತ್ರಿ ಇದ್ದಿದ್ದರೆ. ಆದರೆ ಇಪ್ಪತ್ತೆಂಟು ವರ್ಷ ಮಕ್ಕಳಿಗೆ ಪಾಠ ಹೇಳಿದ ಟೀಚರಮ್ಮನಿಗೆ ಇರಬಾರದಂಥ ಒಂದು ಚಪಲ ಈ ವಯಸ್ಸಿನಲ್ಲಿ ನನಗೆ ಅಂಟಿಕೊಂಡಿದೆ. ನಾನು ಹಾಕಿದ ಫೋಟೋಗೆ ಯಾರಾದರೂ ಕೆಂಪು ಹೃದಯ ಒತ್ತಬೇಕು. ಒಬ್ಬರಾದರೂ ಸರಿ, ಹತ್ತು ಜನರಾದರೆ ಇನ್ನೂ ಸರಿ. ಹಿಂದೆಲ್ಲ ಮೋಡ ಕವಿದರೆ ತಾರಸಿಗೆ ಓಡಿ ಒಣಗಿದ ಬಟ್ಟೆ ತೆಗೆಯುತ್ತಿದ್ದೆ. ಈಗ ಓಡುವುದು ನಿಜ, ಆದರೆ ಮೋಡದ ಫೋಟೋ ಹಿಡಿದು, ಹಂಚಿ, ಎಷ್ಟು ಹೃದಯ ಬಿತ್ತೆಂದು ನೋಡುವಷ್ಟರಲ್ಲಿ ಬಟ್ಟೆ ನೆಂದು ತೊಪ್ಪೆಯಾಗಿರುತ್ತದೆ. ಯಜಮಾನರು ಹಸಿ ಬನಿಯನ್ ಹಾಕಿಕೊಂಡು ಆಫೀಸಿಗೆ ಹೋದದ್ದೂ ಉಂಟು. ಆ ಮೋಡಕ್ಕೆ ಬಿದ್ದದ್ದು ನಾಲ್ಕೇ ಹೃದಯ.

ಈ ಚಪಲಕ್ಕೆ ಗೊಬ್ಬರ ಹಾಕಿದವಳು ವಸುಮತಿ. ನಾವು ಟೀಚರ್ ಟ್ರೈನಿಂಗ್ ಮಾಡುವಾಗ ಅವಳು ಕ್ಲಾಸ್ ಲೀಡರ್. ತಡವಾಗಿ ಬಂದವರ ಹೆಸರು ಬರೆದಿಡುವುದು ಅವಳ ಕೆಲಸವಾಗಿತ್ತು. ಈಗ ಗೌರಿಬಿದನೂರಿನಲ್ಲಿದ್ದುಕೊಂಡು ನಮ್ಮ ಹಳೆಯ ಗೆಳತಿಯರ ವಾಟ್ಸಾಪ್ ಗುಂಪನ್ನು ಅದೇ ಶಿಸ್ತಿನಲ್ಲಿ ನಡೆಸುತ್ತಾಳೆ. ದಸರಾ ರಜೆಯಲ್ಲಿ ಅವಳಿಂದ ಅಪ್ಪಣೆ ಬಂತು: ಈ ತಿಂಗಳು ಶರದೃತು ವಿಶೇಷ, ಎಲ್ಲರೂ ಪ್ರಕೃತಿಯ ಫೋಟೋ ಹಂಚಿಕೊಳ್ಳಬೇಕು, ಸ್ವಂತದ್ದೇ ಆಗಿರಬೇಕು, ಎಲ್ಲಿಂದಲೋ ಬಂದದ್ದನ್ನು ಫಾರ್ವರ್ಡ್ ಮಾಡುವಂತಿಲ್ಲ. ಮುದ್ದೇನಹಳ್ಳಿಯ ಕಡೆಯ ಗೆಳತಿಯೊಬ್ಬಳು ಕೆಂಪು ಎಲೆ ಹಾಸಿದ ಕಾಡೊಂದರ ಚಿತ್ರ ಹಾಕಿದಳು. ಅದರ ಕೆಳಗೆ ವಸುಮತಿ, "ಈ ಮರ ನಿಮ್ಮೂರಲ್ಲಿ ಎಲ್ಲಿದೆ ಹೇಳಮ್ಮ, ನಾಳೆ ಬಂದು ನೋಡ್ತೀನಿ" ಎಂದು ಬರೆದಳು. ಆಮೇಲೆ ಆ ಗೆಳತಿ ಮೂರು ದಿನ ಗುಂಪಿನಲ್ಲಿ ತಲೆ ಹಾಕಲಿಲ್ಲ.

ನಾನು ಚಿಂತಾಮಣಿಯಲ್ಲಿ ಶರದೃತುವನ್ನು ಹುಡುಕಲು ಹೊರಟೆ. ಮಕ್ಕಳಿಗೆ ಆರು ಋತುಗಳನ್ನು ಬಾಯಿಪಾಠ ಮಾಡಿಸಿದ್ದೇನೆಯೇ ಹೊರತು, ಶರತ್ತು ಎಲ್ಲಿರುತ್ತದೆ ಎಂದು ಯಾವ ಮಗುವೂ ಕೇಳಿರಲಿಲ್ಲ, ಪುಣ್ಯಕ್ಕೆ. ಎಲೆ ಉದುರುವುದನ್ನಾದರೂ ಹಿಡಿಯೋಣವೆಂದು ಶಾಲೆಯ ಹೊಂಗೆಮರದ ಕೆಳಗೆ ಫೋನ್ ಎತ್ತಿ ಹಿಡಿದು ಕಾಲು ಗಂಟೆ ನಿಂತೆ. ಹೊಂಗೆ ಹಚ್ಚ ಹಸಿರಾಗಿ ನನ್ನನ್ನು ನೋಡುತ್ತಿತ್ತು. ಸಂಜೆ ಯಜಮಾನರಿಗೆ ಹೇಳಿದೆ. "ಇಲ್ಲಿ ಎಲೆ ಉದುರೋದು ಶಿವರಾತ್ರಿ ಹೊತ್ತಿಗೆ ಕಣೇ. ಈಗ ಉದುರ್ತಾ ಇರೋದು ನನ್ನ ಕೂದಲು ಒಂದೇ. ಬೇಕಾದ್ರೆ ಹಿಡ್ಕೋ" ಎಂದು ತಲೆ ಬಗ್ಗಿಸಿದರು. ಕೊನೆಗೆ ತಂಗಡಿ ಹೂವು ಹಾಕಿದೆ, ತುಂಬಿದ ಕೆರೆ ಹಾಕಿದೆ, ತೆನೆ ಬಿಟ್ಟ ರಾಗಿ ಹೊಲ ಹಾಕಿದೆ. ಏನು ಹಿಡಿದರೂ ನಡುವೆ ಒಂದು ಕರೆಂಟು ತಂತಿ ಹಾದುಹೋಗಿರುತ್ತಿತ್ತು. ಅತ್ತ ಅಲೀಪುರದ ನಸ್ರೀನ್, ನನ್ನ ಬೆಂಚಿನಲ್ಲೇ ಕೂತು ನನ್ನ ಪೆನ್ನಿನಲ್ಲೇ ಪರೀಕ್ಷೆ ಬರೆದವಳು, ದಾಳಿಂಬೆ ಗಿಡದಲ್ಲಿ ಜೇಡರ ಬಲೆ, ಬಲೆಯ ತುಂಬ ಇಬ್ಬನಿ, ಹೀಗೊಂದು ಫೋಟೋ ಹಾಕಿದಳು. ಇಪ್ಪತ್ತಮೂರು ಹೃದಯ. ನಾನೂ ಒಂದು ಒತ್ತಿದೆ. ಮನಸ್ಸಿನಿಂದಲ್ಲ, ಬೆರಳಿನಿಂದ.

ಇಂಥ ಸ್ಥಿತಿಯಲ್ಲಿ ನಾನಿರುವಾಗ ಕೆಂಚಾರ್ಲಹಳ್ಳಿಯಿಂದ ಫೋನ್ ಬಂತು. ಅಲ್ಲಿರುವುದು ನಮ್ಮ ಯಜಮಾನರ ಅಕ್ಕ ಜಯಮ್ಮ. ನಾನು ಅತ್ತಿಗೆ ಎಂದು ಕರೆಯುತ್ತೇನೆ. ಮೂವತ್ತು ವರ್ಷದಿಂದ ರೇಷ್ಮೆ ಬೆಳೆದವರು. "ಭಾನುವಾರ ಹುಳ ಹಣ್ಣಾಗುತ್ತೆ ಕಣಮ್ಮ, ಇಬ್ರೂ ಬಂದ್ಬಿಡಿ" ಎಂದರು. ರೇಷ್ಮೆಹುಳು ಸೊಪ್ಪು ತಿನ್ನುವುದನ್ನು ಬಿಟ್ಟು, ಮೈ ಹೊಳಪಾಗಿ, ತಲೆಯೆತ್ತಿ ಗೂಡು ಕಟ್ಟಲು ಜಾಗ ಹುಡುಕುವುದಕ್ಕೆ ಹಣ್ಣಾಗುವುದು ಎನ್ನುತ್ತಾರೆ. ಆ ದಿನ ಒಂದೊಂದನ್ನೇ ಆರಿಸಿ ಚಂದ್ರಿಕೆಗೆ, ಅಂದರೆ ಸುರುಳಿ ಸುತ್ತಿದ ಬಿದಿರಿನ ದೊಡ್ಡ ಚಾಪೆಗೆ ಬಿಡಬೇಕು. ತಡವಾದರೆ ನೂಲೆಲ್ಲ ದಂಡ. ಹಾಗಾಗಿ ನೆಂಟರಿಷ್ಟರಿಗೆಲ್ಲ ಕರೆ ಹೋಗುತ್ತದೆ. ಮದುವೆಗೆ ಬರದವರನ್ನು ಅತ್ತಿಗೆ ಕ್ಷಮಿಸುತ್ತಾರೆ, ಹುಳು ಹಣ್ಣಾದ ದಿನ ಬರದವರನ್ನು ಕ್ಷಮಿಸುವುದಿಲ್ಲ.

ಅತ್ತಿಗೆಯ ಹುಳುಮನೆಗೆ ಹೋಗುವುದೆಂದರೆ ದೇವಸ್ಥಾನದ ಗರ್ಭಗುಡಿಗೆ ಹೋದಷ್ಟು ಮಡಿ. ಕಾಲು ತೊಳೆಯಬೇಕು. ಪೌಡರು, ಸೆಂಟು, ಮಲ್ಲಿಗೆ ಹೂವು, ಊದುಬತ್ತಿ ಯಾವುದರ ವಾಸನೆಯೂ ಇರಕೂಡದು. ಹುಳು ಇರುವಷ್ಟು ದಿನ ಅವರ ಅಡಿಗೆಮನೆಯಲ್ಲಿ ಇಂಗಿನ ಒಗ್ಗರಣೆಯೂ ಇಲ್ಲ. ಬಾಗಿಲ ಮೇಲೆ ಹಳೇ ಚಪ್ಪಲಿ, ಒಣಗಿದ ಕುಂಬಳಕಾಯಿ, ನಾಲಿಗೆ ಚಾಚಿದ ಒಂದು ರಾಕ್ಷಸನ ಮುಖ. ಎಲ್ಲಕ್ಕಿಂತ ದೊಡ್ಡ ಕಟ್ಟುನಿಟ್ಟು ಮಾತಿನದು. ಬೆಳೆ ಚೆನ್ನಾಗಿದೆ ಎಂದು ಯಾರೂ ಅನ್ನಬಾರದು. ಯಾರಾದರೂ ಹೇಗಿದೆ ಎಂದು ಕೇಳಿದರೆ, ಮನೆ ತುಂಬ ಹುಳು ಹೊರಳಾಡುತ್ತಿದ್ದರೂ, ಅತ್ತಿಗೆ ಮುಖ ಸಪ್ಪಗೆ ಮಾಡಿಕೊಂಡು, "ಏನೋ ಇದೆ, ನಾಲ್ಕು" ಎನ್ನುತ್ತಾರೆ. ಹಿಂದಿನ ಎರಡು ಬೆಳೆ ರೋಗ ಬಂದು ಕೈಬಿಟ್ಟಿತ್ತು. ಇದೂ ಹೋದರೆ ಹಿಪ್ಪುನೇರಳೆ ತೋಟ ಕಿತ್ತುಹಾಕಿ ಸುಮ್ಮನೆ ಕೂತ್ಕೋತೀನಿ ಎಂದು ತಮ್ಮನ ಹತ್ತಿರ ಹೇಳಿದ್ದರಂತೆ. ಸುಮ್ಮನೆ ಕೂತ ಅತ್ತಿಗೆಯನ್ನು ನಮ್ಮಿಬ್ಬರಿಗೂ ಊಹಿಸಿಕೊಳ್ಳಲಾಗಲಿಲ್ಲ.

ಭಾನುವಾರ ಮಧ್ಯಾಹ್ನದವರೆಗೆ ಬೆನ್ನು ಬಗ್ಗಿಸಿ ಹುಳು ಆರಿಸಿದೆವು. ಚಂದ್ರಿಕೆಗಳನ್ನು ಹೊರಗೆ ಸೂರಿನ ಕೆಳಗೆ ಸಾಲಾಗಿ ಒರಗಿಸಿದರು. ಎಲ್ಲರೂ ಊಟಕ್ಕೆ ಕೂತರು. ನಾನು ಕೈ ತೊಳೆಯಲು ಹೊರಗೆ ಬಂದೆ, ಅಲ್ಲೇ ನಿಂತುಬಿಟ್ಟೆ. ಓರೆ ಬಿಸಿಲು. ಸುರುಳಿಯ ಒಳಗೆ ಸಾವಿರಾರು ಹುಳುಗಳು ತಲೆ ಆಡಿಸುತ್ತ ಮೈಸುತ್ತ ನೂಲು ಎಳೆಯುತ್ತಿದ್ದವು. ಆಗಲೇ ಅರೆಬರೆ ಕಟ್ಟಿದ ತೆಳು ಹಳದಿ ಗೂಡುಗಳ ಒಳಗೆ ಹುಳು ಕಾಣುತ್ತಿತ್ತು. ಹಿಂದೆ ಹುಚ್ಚೆಳ್ಳಿನ ಹೊಲ ಹೂವು ಬಿಟ್ಟು ನಿಂತಿತ್ತು, ಮೇಲೆ ಬಿಳೀ ಮೋಡ. ಒಂದೇ ಒಂದು ಕರೆಂಟು ತಂತಿ ಇರಲಿಲ್ಲ! ಶರದೃತು ಇಷ್ಟು ದಿನ ಇಲ್ಲಿ ಅಡಗಿಕೊಂಡಿತ್ತು. ಫೋಟೋ ಹಿಡಿದೆ. "ಶರತ್ಕಾಲದ ಚಿನ್ನ, ನಮ್ಮ ಅತ್ತಿಗೆಯ ಮನೆ" ಎಂದು ಬರೆದು ಗುಂಪಿಗೆ ಹಾಕಿದೆ. ಕೈ ಸುಮ್ಮನಿರಲಿಲ್ಲ, ಸ್ಟೇಟಸ್‌ಗೂ ಹಾಕಿದೆ. ಮನೆಗೆ ವಾಪಸು ಬರುವ ಹೊತ್ತಿಗೆ ಗುಂಪಿನಲ್ಲಿ ನಲವತ್ತೊಂದು ಹೃದಯ. "ಅಬ್ಬಬ್ಬಾ, ಎಷ್ಟೊಂದು!" "ಎಂಥಾ ಬೆಳೆ!" ಎಂದು ಒಬ್ಬರ ಮೇಲೊಬ್ಬರು ಬರೆದಿದ್ದರು. ನಸ್ರೀನ್ ಮಾತ್ರ ಹೃದಯ ಒತ್ತಿರಲಿಲ್ಲ. ಹೊಟ್ಟೆಕಿಚ್ಚು ಎಂದುಕೊಂಡು ನಾನು ಸುಖವಾಗಿ ಮಲಗಿದೆ.

ಬೆಳಿಗ್ಗೆ ಎದ್ದರೆ ಆಕಾಶ ಕಪ್ಪಗಾಗಿ ಹನಿ ಬೀಳುತ್ತಿತ್ತು. ಮದ್ರಾಸಿನ ಕಡೆ ಸಮುದ್ರದಲ್ಲಿ ಏನಾದರೂ ಆದರೆ ನಮ್ಮ ಕಡೆ ಹೀಗೇ. ನಸ್ರೀನ್‌ಳ ಸಂದೇಶ ಬಂದಿತ್ತು: "ಸುಮಾ, ಗೂಡು ಕಟ್ಟೋವಾಗ ತಂಡಿ ಆಗಬಾರದು, ನೂಲು ಬಿಚ್ಚಲ್ಲ. ಚಂದ್ರಿಕೆ ಒಳಗೆ ಇಟ್ಟಿದ್ದಾರಾ ಕೇಳು." ಅವಳ ತವರಿನವರು ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ಬಿಚ್ಚುವವರು ಎಂಬುದು ನನಗೆ ಆಗ ನೆನಪಾಯಿತು. ಹೊಟ್ಟೆಕಿಚ್ಚು ಯಾರದೆಂದು ಯೋಚಿಸುತ್ತಿರುವಾಗಲೇ ಅತ್ತಿಗೆಯ ಫೋನ್ ಬಂತು. ಅವರು ದಿನಾ ಬೆಳಿಗ್ಗೆ ನೆಂಟರ ಸ್ಟೇಟಸ್‌ಗಳನ್ನೆಲ್ಲ ನೋಡಿ, ಯಾರು ಯಾರನ್ನು ಬಿಟ್ಟು ತಿರುಪತಿಗೆ ಹೋದರು ಎಂದು ತಿಳಿದುಕೊಳ್ಳುತ್ತಾರೆ. ಇದು ಗೊತ್ತಿದ್ದೂ ನಾನು ಹಾಕಿದ್ದೆ.

"ಎಷ್ಟು ಜನ ನೋಡಿದಾರೆ?" ಕೂಗಲಿಲ್ಲ, ಬೈಯಲಿಲ್ಲ. ಅದಕ್ಕೇ ಭಯವಾದದ್ದು.

"ತೊಂಬತ್ನಾಲ್ಕು, ಅತ್ತಿಗೆ. ಈಗ್ಲೇ ಅಳಿಸಿಬಿಡ್ತೀನಿ."

"ಅಳಿಸ್ಬೇಡ! ಅಳಿಸಿದ್ರೆ ಯಾರ್ಯಾರು ನೋಡಿದ್ರು ಅಂತ ಹೆಂಗೆ ಗೊತ್ತಾಗುತ್ತೆ? ದೇವುಡಾ, ಮೊದ್ಲು ಹೆಸರೆಲ್ಲ ಬರ್ಕೋ. ಒಬ್ರನ್ನೂ ಬಿಡಬೇಡ. ಸಂಜೆ ತಗೊಂಡು ಬಾ."

ದೃಷ್ಟಿ ತೆಗೆಯುವಾಗ ಕಣ್ಣು ಯಾರದೆಂದು ಹೆಸರು ಹಿಡಿದು ಹೇಳಬೇಕೆಂಬುದು ಅತ್ತಿಗೆಯ ಪದ್ಧತಿ. ಊರೋರ ಕಣ್ಣು, ಕೇರಿಯೋರ ಕಣ್ಣು ಎಂದು ಒಟ್ಟಿಗೆ ಹೇಳಿದರೆ ಸಾಲದು. ನಾನು ಹಾಜರಿ ಪುಸ್ತಕ ಬರೆಯುವ ಗಾಂಭೀರ್ಯದಲ್ಲಿ ಹೆಸರು ಬರೆಯತೊಡಗಿದೆ. ಬರೆಯುತ್ತಿರುವಾಗಲೇ ಇನ್ನೂ ಮೂವರು ನೋಡಿದರು. ತೊಂಬತ್ತೇಳಕ್ಕೆ ಅಳಿಸಿದೆ. ಯಜಮಾನರು ಭುಜದ ಮೇಲಿಂದ ಬಗ್ಗಿ ನೋಡಿ, "ತೊಂಬತ್ತೇಳು ಅಲ್ಲ ಕಣೇ, ಒಬ್ಬೊಬ್ಬರಿಗೆ ಎರಡೆರಡು ಕಣ್ಣು" ಎಂದರು. ಅವರನ್ನು ಆ ದಿನ ತಿಂಡಿ ಕೊಡದೆ ಆಫೀಸಿಗೆ ಕಳಿಸಬೇಕಿತ್ತು. ಆದರೆ ಹೆದರಿಕೆಯಲ್ಲಿ ಉಪ್ಪಿಟ್ಟಿಗೆ ಉಪ್ಪು ಎರಡು ಸಲ ಹಾಕಿದ್ದರಿಂದ ಹೆಚ್ಚುಕಡಿಮೆ ಹಾಗೇ ಆಯಿತು.

ಶಾಲೆಯಲ್ಲಿ ಅಂದು ಐದನೇ ತರಗತಿಗೆ ಮೂಢನಂಬಿಕೆಯ ಪಾಠವಿತ್ತು. ನಾನು ಅವರಿಗೆ ಗುಣಾಕಾರದ ಲೆಕ್ಕ ಕೊಟ್ಟು ಕಿಟಕಿಯಿಂದ ಮಳೆ ನೋಡುತ್ತ ಕೂತೆ.

ಸಂಜೆ ಯಜಮಾನರ ಜೊತೆ ಕೆಂಚಾರ್ಲಹಳ್ಳಿಗೆ ಹೋಗುವ ಹೊತ್ತಿಗೆ ಹನಿ ನಿಂತಿತ್ತು. ಚಂದ್ರಿಕೆಗಳನ್ನೆಲ್ಲ ಒಳಗೆ ಸೇರಿಸಿ, ಫ್ಯಾನ್ ಹಾಕಿ, ಅತ್ತಿಗೆ ಬಾಗಿಲಲ್ಲೇ ಕಾದಿದ್ದರು. ಕಣ್ಣು ಕೆಂಪಾಗಿತ್ತು. ರಾತ್ರಿಯೆಲ್ಲ ಚಂದ್ರಿಕೆ ಕಾಯುತ್ತ ನಿದ್ದೆ ಮಾಡಿಲ್ಲವೆಂದು ನೋಡಿದರೇ ಗೊತ್ತಾಗುತ್ತಿತ್ತು. ನನಗೆ ಆ ಕ್ಷಣ ನಗು, ವಾದ, ವಿಜ್ಞಾನ ಏನೂ ಉಳಿಯಲಿಲ್ಲ. ಈ ಬೆಳೆ ಕೆಟ್ಟರೆ ಮಳೆಯಿಂದ ಕೆಟ್ಟಿತೆಂದು ಯಾರೂ ಹೇಳುವುದಿಲ್ಲ, ಸುಮಾಳ ಫೋಟೋದಿಂದ ಕೆಟ್ಟಿತೆಂದು ನಾನು ಸಾಯುವವರೆಗೂ ಹೇಳುತ್ತಾರೆ. ಅದಕ್ಕಿಂತ ಹೆಚ್ಚಾಗಿ, ಈ ಹೆಂಗಸು ತೋಟ ಕಿತ್ತುಹಾಕುತ್ತಾರೆ.

ಮೆಣಸಿನಕಾಯಿ, ಉಪ್ಪು, ಸಾಸಿವೆ, ಪೊರಕೆಕಡ್ಡಿ ಎಲ್ಲ ಮೊರದಲ್ಲಿ ಸಿದ್ಧವಿತ್ತು. ಹುಳುಮನೆಯ ಮುಂದೆ ನಿವಾಳಿಸಿದರು. ಸುಡುವುದು ಮಾತ್ರ ಅಲ್ಲಿ ಅಲ್ಲ, ಹೊಗೆ ಹುಳುವಿಗೆ ತಾಗಬಾರದು. ಹಾಗಾಗಿ ಗಾಳಿ ಯಾವ ಕಡೆ ಬೀಸುತ್ತಿದೆಯೆಂದು ನೋಡಿ ತೋಟದ ಆ ತುದಿಗೆ ಕೆಂಡ ಒಯ್ದೆವು. ಅಲ್ಲಿ ನಾನು ಒಂದೊಂದೇ ಹೆಸರು ಓದಬೇಕು, ಅತ್ತಿಗೆ ಅದಕ್ಕೆ ಕಣ್ಣು ಎಂದು ಸೇರಿಸಿ ಮೆಣಸಿನಕಾಯಿ ನಿವಾಳಿಸಬೇಕು. ಫೋನಿನಲ್ಲಿ ಹೆಸರುಗಳನ್ನು ಹೇಗೆ ಬರೆದಿಟ್ಟುಕೊಂಡಿದ್ದೆನೋ ಹಾಗೇ ಪಟ್ಟಿ ಮಾಡಿದ್ದೆ.

"ಹಾಲಿನ ಮಂಜಣ್ಣ."

"ಹಾಲಿನ ಮಂಜಣ್ಣನ ಕಣ್ಣು."

"ಗ್ಯಾಸ್ ಸಿಲಿಂಡರ್."

"ಸಿಲಿಂಡರ್ ಕಣ್ಣು."

"ಎತ್ತಬೇಡ."

ಅತ್ತಿಗೆಯ ಕೈ ನಿಂತಿತು. "ಅದ್ಯಾರಮ್ಮ?"

"ಯಾರೋ ಗೊತ್ತಿಲ್ಲ ಅತ್ತಿಗೆ. ಪಾಲಿಸಿ ಮಾಡಿಸ್ಕೊಳ್ಳಿ ಅಂತ ಫೋನ್ ಮಾಡ್ತಾ ಇರ್ತಾನೆ. ಮರೆತು ಎತ್ತಿಬಿಡ್ತೀನಿ ಅಂತ ಹಂಗೆ ಬರ್ಕೊಂಡಿದೀನಿ."

"ಹಂಗಾದ್ರೆ ಅವನಿಗೆ ಎರಡು ಮೆಣಸಿನಕಾಯಿ ಹಾಕ್ತೀನಿ."

ಯಜಮಾನರು ಬೇಲಿಯ ಕಡೆ ತಿರುಗಿ ನಿಂತರು. ಅವರ ಬೆನ್ನು ಅಲುಗುತ್ತಿತ್ತು. ತೊಂಬತ್ತೇಳೂ ಮುಗಿದವು. ನಾನು ಪಟ್ಟಿ ಮಡಚಿದೆ. ಅತ್ತಿಗೆ ನನ್ನನ್ನೇ ನೋಡುತ್ತ, "ಇನ್ನೊಂದು ಬಿಟ್ಟೆ" ಎಂದರು.

"ಇಲ್ಲ ಅತ್ತಿಗೆ, ಎಲ್ಲ ಬರ್ಕೊಂಡಿದ್ದೆ."

"ನಿಂದು ಕಣಮ್ಮ. ಎಲ್ಲರಿಗಿಂತ ಮೊದ್ಲು ನೋಡಿದ್ದು ನೀನಲ್ವಾ?"

ಸಿಟ್ಟಿನಿಂದ ಹೇಳಲಿಲ್ಲ, ಲೆಕ್ಕ ಸರಿಯಿರಲಿ ಎಂಬಂತೆ ಹೇಳಿದರು. ನನಗೆ ಮಾತ್ರ ಮುಖ ಬಿಸಿಯಾಯಿತು. ಏಕೆಂದರೆ ಭಾನುವಾರ ಆ ಬಿಸಿಲಲ್ಲಿ ನಿಂತಾಗ ನಾನೂ ಮನಸ್ಸಿನಲ್ಲಿ "ಎಷ್ಟೊಂದು!" ಎಂದುಕೊಂಡಿದ್ದೆ. ಅದರ ಹಿಂದೆಯೇ, ಇಪ್ಪತ್ತೆಂಟು ವರ್ಷ ದುಡಿದ ನನ್ನ ಕೈಯಲ್ಲಿ ಹೀಗೆ ಹೊಳೆಯುವಂಥದ್ದು ಒಂದೂ ಆಗಲಿಲ್ಲವಲ್ಲ ಎಂಬ ಸಣ್ಣ ಉರಿಯೂ ಬಂದಿತ್ತು. ಆ ಫೋಟೋವನ್ನು ಹಂಚಿದ್ದು ಸ್ವಲ್ಪ ಹೊತ್ತಾದರೂ ಅದು ನನ್ನದಾಗಲಿ ಎಂದು. ಇದನ್ನು ಅತ್ತಿಗೆಗೆ ಹೇಳಲಿಲ್ಲ, ನಿಮಗೆ ಹೇಳುತ್ತಿದ್ದೇನೆ. "ಸುಮಾ ಕಣ್ಣು" ಎಂದು ನಾನೇ ಓದಿದೆ.

ಮೊರದಲ್ಲಿದ್ದದ್ದೆಲ್ಲ ಕೆಂಡಕ್ಕೆ ಬಿತ್ತು. ದೃಷ್ಟಿ ತಾಗಿದ್ದರೆ ಮೆಣಸಿನಕಾಯಿ ಎಷ್ಟು ಸುಟ್ಟರೂ ಘಾಟು ಬರುವುದಿಲ್ಲವಂತೆ. ಮೂವರೂ ಮೂಗು ಅರಳಿಸಿಕೊಂಡು ಕಾದೆವು. ಚಟಪಟ ಎಂದಿತು, ಹೊಗೆ ಎದ್ದಿತು. ಏನೂ ಇಲ್ಲ. ಅತ್ತಿಗೆಯ ಮುಖ ಬಿಳಿಚಿಕೊಂಡಿತು. ಆಗ ಗಾಳಿ ತಿರುಗಿತೋ ಏನೋ, ಮೂಗಿಗೆ ಅಡರಿತು ನೋಡಿ! ನಾನು ಕೆಮ್ಮಿದೆ, ಯಜಮಾನರು ಸೀನಿದರು, ಅತ್ತಿಗೆ ಕೆಮ್ಮುತ್ತಲೇ ನಕ್ಕರು. ಮೂರೂ ಜನ ಕಣ್ಣೀರು ಸುರಿಸುತ್ತ ತೋಟದ ನಡುವೆ ಓಡಿದೆವು. ನನ್ನ ಜೀವನದಲ್ಲಿ ಅಷ್ಟು ಸಂತೋಷದಿಂದ ಕೆಮ್ಮಿದ್ದು ಅದೇ ಮೊದಲು.

ಮರುದಿನ ಬಿಸಿಲು ಬಂತು. ಶನಿವಾರ ಶಾಲೆ ಮುಗಿಸಿ ಗೂಡು ಬಿಡಿಸಲು ಹೋದೆ. ಅತ್ತಿಗೆ ಒಂದು ಗೂಡನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ನನ್ನ ಕಿವಿಗೂ ಹಿಡಿದರು. ಒಳಗಿನಿಂದ ಟಕಟಕ ಎಂದಿತು. ಗಟ್ಟಿ ಗೂಡು. ಭಾನುವಾರ ಶಿಡ್ಲಘಟ್ಟದ ಮಾರುಕಟ್ಟೆಯಿಂದ ಫೋನ್ ಮಾಡಿ, "ಏನೋ ಆಯ್ತಮ್ಮ" ಎಂದರು. ಅತ್ತಿಗೆಯ ಭಾಷೆಯಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆ ಇಲ್ಲ. ನಾನು ಫೋನಿಟ್ಟು ಅಡಿಗೆಮನೆಯ ನೆಲದ ಮೇಲೆ ಕೂತು ಒಂದು ಲೋಟ ನೀರು ಕುಡಿದೆ. ಎದೆಯ ಮೇಲಿನ ಕಲ್ಲು ಇಳಿಯಿತು.

ಗೂಡು ಬಿಡಿಸಿದ ದಿನ ಅತ್ತಿಗೆಯೇ, "ಈಗ ಹಿಡ್ಕೋ ಫೋಟೋ, ಖಾಲಿ ಆಯ್ತಲ್ಲ, ಯಾರು ನೋಡಿದ್ರೇನು" ಎಂದಿದ್ದರು. ಬಿಸಿಲಿಗೆ ಒರಗಿಸಿದ ಬರೀ ಚಂದ್ರಿಕೆಗಳ ಫೋಟೋ ಹಾಕಿದೆ. ಗುಂಪಿನಲ್ಲಿ ಯಾರೂ ತಿರುಗಿ ನೋಡಲಿಲ್ಲ. ಸ್ಟೇಟಸ್‌ಗೆ ಒಂದೇ ಒಂದು ಹೃದಯ ಬಿತ್ತು, ಅತ್ತಿಗೆಯದು. ನಸ್ರೀನ್‌ಳ ಜೇಡರ ಬಲೆಗೆ ನಾನು ಹೋಗಿ ಇನ್ನೊಮ್ಮೆ ಹೃದಯ ಒತ್ತಿದೆ. ಎರಡನೆಯ ಸಲ ಒತ್ತಿದರೆ ಮೊದಲನೆಯದು ಅಳಿಸಿಹೋಗುತ್ತದೆಂದು ಆಮೇಲೆ ಗೊತ್ತಾಗಿ, ಮೂರನೆಯ ಸಲ ಒತ್ತಿದೆ, ಈ ಸಲ ಮನಸ್ಸಿನಿಂದಲೇ.

ವಸುಮತಿ ಈಗ ನನ್ನ ಬೆನ್ನು ಹತ್ತಿದ್ದಾಳೆ. ನಿಮ್ಮ ಮನೆ ಮೆಟ್ಟಿಲ ಮೇಲಿನ ಕುಂಡದಲ್ಲಿ ಸೇವಂತಿಗೆ ಮೊಗ್ಗು ಬಿಟ್ಟಿದೆಯಂತಲ್ಲ, ಅದರ ಫೋಟೋ ಯಾಕೆ ಹಾಕಿಲ್ಲ, ಎಷ್ಟಿವೆ ಮೊಗ್ಗು, ಎಂದು ದಿನಾ ಕೇಳುತ್ತಾಳೆ. ಯಾರು ಹೇಳಿದರೋ ಅವಳಿಗೆ! ನಾನು ಕುಂಡವನ್ನು ನೀರಿನ ಡ್ರಮ್ಮಿನ ಹಿಂದಕ್ಕೆ ಸರಿಸಿ, ಅದರ ಅಂಚಿಗೆ ಸ್ವಲ್ಪ ಕಾಡಿಗೆ ಹಚ್ಚಿ ಬಂದು, ಅವಳಿಗೆ ಉತ್ತರ ಬರೆದೆ: "ಏನೋ ಇದೆ, ನಾಲ್ಕು."